ಕುದುರೆಯ ನಡೆಯೂ ಅರಿವಿನ ದಾಸೋಹವೂ



ಚದುರಂಗದ ೬೪ ಮನೆಗಳಲ್ಲಿ ಒಂದೊಂದನ್ನೂ ಒಮ್ಮೆ ಮಾತ್ರ ಮೆಟ್ಟಿ ಕುದುರೆಯು ಪಟವನ್ನೆಲ್ಲ ಸುತ್ತಬೇಕೆಂಬುದು ಹಳೆಯ ಸಮಸ್ಯೆ. ಆಲಂಕಾರಿಕನಾದ ರುದ್ರಟನು ೯ನೆಯ ಶತಮಾನದಲ್ಲಿಯೇ ಈ ನಡೆಯನ್ನು ಶ್ಲೋಕದೊಳಗೆ ಹೆಣೆದನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಇಂತಹ ಬಂಧಗಳನ್ನು ರಚಿಸಿ ರಸಿಕರಿಗೆ ಹಂಚಿದರು.

ಚಳ್ಳಕೆರೆಯ ಅಂಗಡಿಯ ಜಗಲಿಯಲ್ಲಾಗಲಿ, ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಾಗಲಿ ಇದನ್ನು ಬಿಡಿಸಿದವನು ಗೆಳೆಯನಿಗೆ ಹೇಗೆ ಹಂಚಬೇಕು? ಬಚ್ಚಿಟ್ಟರೆ ಅಹಂಕಾರವಾಯಿತು. ಕೇಳುವ ಮುನ್ನವೇ ೬೩ ನಡೆಗಳನ್ನೂ ಒಪ್ಪಿಸಿದರೆ, ಆತನ ಎಡೆಯನ್ನು ತಾನೇ ಉಂಡಂತಾಯಿತು. “ಮೂಲೆಯ ಮನೆಯನ್ನು ನೋಡು” ಎಂಬಷ್ಟೇ ಸಾಕು. ಅಲ್ಲಿಗೆ ಹೋಗಿಬರಲು ಎರಡೇ ಹಾದಿ. ಹಾದಿ ಕಡಿಮೆಯಿರುವ ಮನೆಯನ್ನು ಮೊದಲು ಮೆಟ್ಟುವವನಿಗೆ ಕಡೆಯಲ್ಲಿ ದಾರಿ ಮುಚ್ಚುವುದು ವಿರಳ.

ಗುರುವೂ ಹೀಗೆಯೇ. ಅರಿವನ್ನು ಕೈಗಿಕ್ಕನು, ಕುರುಹನ್ನು ತೋರುವನು, ನಡೆಯಬೇಕಾದವನು ಶಿಷ್ಯನೇ. ಮಗುವಿಗೆ ಲೆಕ್ಕ ಕಲಿಸುವ ತಂದೆಯೂ, ಸೊಸೆಗೆ ಮನೆವಾರ್ತೆ ಒಪ್ಪಿಸುವ ಅತ್ತೆಯೂ ಇದನ್ನು ಮನಗಾಣಬೇಕು. ಅನ್ನದಾಸೋಹದಲ್ಲಿ ಬಡಿಸುವುದು ನಮ್ಮದು, ಉಣ್ಣುವುದು ಬಂದವರದು. ಅರಿವಿನ ದಾಸೋಹಕ್ಕೂ ಅದೇ ನಿಯಮ.