ಅರ್ಜಿಯಲ್ಲಿ ಮನೆಯ ಸಂಗತಿ

ವಿದ್ಯಾರ್ಥಿವೇತನದ ಅರ್ಜಿಗಳ ಕಾಲ ಬಂತೆಂದರೆ ಚಿಕ್ಕಬಾಣಾವರದಲ್ಲಿ ಗಣಕಯಂತ್ರದ ಅಂಗಡಿಗಳ ಮುಂದೆ ಮಕ್ಕಳೂ ತಾಯಂದಿರೂ ಕಾಗದಗಳ ಚೀಲ ಹಿಡಿದು ನಿಲ್ಲುವದನ್ನು ನಾವು ನೋಡುತ್ತೇವೆ. ಅಂಕಗಳೆಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುವದು ಸುಲಭ. ತಂದೆ ಇದ್ದಾನೋ, ವರಮಾನವೆಷ್ಟು, ಜಾತಿ ಯಾವದು, ಮತ ಯಾವದು ಎಂದು ಕೇಳುವಲ್ಲಿ ಕೈ ತಡೆಯುವದು.

ಅಂಥ ಒಂದು ಅಂಗಡಿಯಲ್ಲಿ ನಾವು ಕಂಡ ಒಂದು ಸಂಗತಿಯನ್ನು ಹೇಳುವೆವು. ಒಬ್ಬ ಹುಡುಗಿಯ ತಂದೆ ಆರು ವರುಷಗಳ ಹಿಂದೆ ಮನೆ ಬಿಟ್ಟು ಹೋದವನು; ಎಲ್ಲಿಯೋ ಜೀವದಿಂದಿದ್ದಾನೆ, ಒಂದು ಕಾಸೂ ಕಳುಹಿಸುವದಿಲ್ಲ. ಅರ್ಜಿ ತುಂಬುವವನು, “ತೀರಿಹೋದರು ಎಂದು ಹಾಕಿಬಿಡೋಣವೇ?” ಎಂದನು. ಅವನಲ್ಲಿ ಕೇಡಿರಲಿಲ್ಲ, ಕೆಲಸ ಬೇಗ ಮುಗಿಯಬೇಕಾಗಿತ್ತು. ತಾಯಿ ತುಸು ಹೊತ್ತು ಸುಮ್ಮನಿದ್ದು, “ಬೇಡಪ್ಪಾ, ಇರುವವನನ್ನು ನಾವು ಸಾಯಿಸುವದು ಬೇಡ” ಅಂದಳು. ಮಗಳು ನೆಲವನ್ನೇ ನೋಡುತ್ತಿದ್ದಳು.

ಸತ್ತನೆಂದು ಬರೆದರೆ ಮರಣದ ಪತ್ರವನ್ನು ಕೇಳುವರು. ಒಂದು ಸುಳ್ಳು ಮತ್ತೊಂದನ್ನು ಕರೆಯುವದು. ಆದರೆ ಅದಕ್ಕಿಂತ ದೊಡ್ಡ ಮಾತೊಂದುಂಟು. ಮೇಲೆ ಬರೆದದ್ದೆಲ್ಲಾ ನಿಜವೆಂದು ಒಪ್ಪಿಕೊಳ್ಳುವವಳು ಆ ಹುಡುಗಿಯೇ. ಹಿರಿಯರು ಕಟ್ಟಿದ ಸುಳ್ಳನ್ನು ಮಗುವಿನ ಕೈಯಿಂದ ಒಪ್ಪಿಸುವದು ಎಂಥ ವಿದ್ಯಾದಾನ?

ಕೇಳುವವರಿಗೆ ಕೇಳುವ ಅಧಿಕಾರವೇನು ಎಂದು ಕೆಲವರು ಸಿಟ್ಟಾಗುವರು. ಹಣದ ಚೀಲ ಒಂದು, ಕೈಯೊಡ್ಡುವ ಮಕ್ಕಳು ಬಹಳ. ಕೊಡುವವನು ಮನೆಮನೆಗೆ ಬಂದು ನೋಡಲಾರನು. ಆದದರಿಂದ ನಮ್ಮ ಉತ್ತರವೇ ಅವನ ಕಣ್ಣಾಗಿದೆ. ಕೊರತೆಯನ್ನು ಅಳೆಯುವದಕ್ಕೆ ಬೇಕಾದಷ್ಟನ್ನು ತಿಳಿಯುವ ಹಕ್ಕು ಅವನಿಗುಂಟು, ಅದಕ್ಕಿಂತ ಹೆಚ್ಚಿಲ್ಲ. “ತಂದೆ ಬೇರೆ ಇದ್ದಾರೆ, ಮನೆ ನಡೆಸುವವಳು ತಾಯಿ” ಎಂದು ಬರೆದರೆ ಸಾಕು. ಅವನು ಕುಡಿಯುತ್ತಿದ್ದನೋ, ಯಾರೊಡನೆ ಹೋದನೋ ಎಂಬದು ಅರ್ಜಿಗೆ ಸೇರಿದ್ದಲ್ಲ. ಕೇಳದಿದ್ದದ್ದನ್ನು ಹೇಳದಿರುವದು ಸುಳ್ಳಾಗದು. ಕುಟುಂಬದ ಪರಿಸ್ಥಿತಿಯನ್ನು ವಿವರಿಸಿರಿ ಎಂದು ಕೆಲವು ಧರ್ಮಸಂಸ್ಥೆಗಳು ಖಾಲಿ ಜಾಗ ಬಿಡುವದುಂಟು. ಅಲ್ಲಿ ಕಣ್ಣೀರನ್ನು ಸೇರಿನಿಂದ ಅಳೆದು ಸುರಿಯುವವರನ್ನೂ ನಾವು ಬಲ್ಲೆವು. ಹಾಗೆ ಮನೆಗಳು ಒಡೆಯುವದು ನಮ್ಮಲ್ಲಿ ಮಾತ್ರವಲ್ಲ. ಅಮೇರಿಕಾ ದೇಶದ ಸರಕಾರೀ ಅರ್ಜಿಯಲ್ಲಿ ೨೦೨೪-೨೫ರ ಸಾಲಿನಿಂದ, ತಂದೆತಾಯಿಗಳ ಸಂಗತಿಯನ್ನು ಕೊಡಲಾರದ ಮಕ್ಕಳು ಹಾಗೆಂದು ತಿಳಿಸಿ ಅರ್ಜಿಯನ್ನು ಮುಂದುವರಿಸಲು ದಾರಿ ಮಾಡಿದ್ದಾರೆ.

ವರಮಾನದ ಮಾತಿಗೆ ಬರೋಣ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ತಹಶೀಲ್ದಾರರಿಂದ ಪಡೆಯುವ ಆದಾಯಪತ್ರವು ನಮ್ಮ ರಾಜ್ಯದಲ್ಲಿ ಐದು ವರುಷ ನಡೆಯುವದು. ಕೂಲಿಯವನ ಗಳಿಕೆ ಮಳೆಯಂತೆ. ಅವನು ಅಂದಾಜಿನಿಂದ ಹೇಳಿದರೆ ದೋಷವಿಲ್ಲ. ಆದರೆ ಮಿತಿಯೊಳಗೆ ಬರಲೆಂದು ಬೇಕೆಂದೇ ಇಳಿಸಿ ಹೇಳುವದು ಬೇರೆ. ಅನನೀಯನೂ ಸಪ್ಫೈರಳೂ ತಮ್ಮ ಹಣವನ್ನು ಇಟ್ಟುಕೊಂಡದ್ದಕ್ಕಲ್ಲ, ಭಾಗವನ್ನು ತಂದು ಇದೇ ಪೂರ್ತಿ ಎಂದದ್ದಕ್ಕೆ ದೋಷಿಗಳಾದರು. ಇಳಿಸಿ ಹೇಳಿದವನ ಮಗನು ಪಡೆಯುವ ಹಣ ಮತ್ತೊಬ್ಬ ಕೂಲಿಯವನ ಮಗನದಾಗಿರಬಹುದು. ಇದಕ್ಕೆ ವಿರೋಧವಾಗಿ, ಬಡವರೆಂದು ಬರೆಯುವದಕ್ಕೆ ನಾಚಿ ಅರ್ಜಿಯನ್ನೇ ಹಾಕದವರೂ ಇದ್ದಾರೆ. ಐದು ವರುಷ ತುಂಬುವ ಮೊದಲೇ ಗಳಿಸುವವನು ತೀರಿಹೋದರೆ ಹಳೆಯ ಪತ್ರ ನಿಜ ಹೇಳದು, ಹೊಸದನ್ನು ಬೇಡಬೇಕು. ಅದು ಭಿಕ್ಷೆಯಲ್ಲ.

ನಮ್ಮ ಜನರಿಗೆ ಎಲ್ಲಕ್ಕಿಂತ ಕಠಿಣವಾದದ್ದು ಜಾತಿ ಮತಗಳ ಪ್ರಶ್ನೆ. ೧೯೫೦ನೇ ಇಸವಿಯ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಹಿಂದುಗಳಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನವಿತ್ತು. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ೨೦೨೨ರಲ್ಲಿ ಈ ವಿಷಯವನ್ನು ವಿಚಾರಿಸಲು ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿದರು. ಸ್ನಾನ ಹೊಂದಿದ ಮಾತ್ರಕ್ಕೆ ಹೊಲವೂ ಹುಟ್ಟಲಿಲ್ಲ, ಊರಿನವರು ಹಳೆಯ ಹೆಸರನ್ನು ಮರೆಯಲೂ ಇಲ್ಲ. ಹೀಗಿರಲಾಗಿ ಕೆಲವರು ಸಭೆಯ ಪುಸ್ತಕದಲ್ಲಿ ಒಂದು ಹೆಸರು, ಸರಕಾರದ ಪತ್ರದಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡಿದ್ದಾರೆ. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪುದುಚೇರಿಯ ಒಬ್ಬ ಸ್ತ್ರೀಯ ಮೊಕದ್ದಮೆಯಲ್ಲಿ, ಕ್ರೈಸ್ತಳಾಗಿ ನಡೆಯುತ್ತಾ ಮೀಸಲಾತಿಗಾಗಿ ಹಿಂದು ಎನ್ನುವದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದಿತು.

ಎರಡು ಹೆಸರಿನ ಬದುಕನ್ನು ನಾವು ಸರಿಯೆನ್ನಲಾರೆವು. ಭಾನುವಾರ ಒಂದು, ಸೋಮವಾರ ಒಂದು ಎಂದು ಕಲಿತ ಮಗು ಯಾವದನ್ನು ನಂಬಬೇಕು? ಕಾಯಿದೆ ಅನ್ಯಾಯವಾದರೆ ಕಾಯಿದೆಯೊಡನೆ ಬಹಿರಂಗವಾಗಿ ವಾದಿಸಬೇಕು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರಿಗೂ ಸ್ಥಾನವಿದೆ ಎಂಬದನ್ನು ಎಷ್ಟೋ ಮಂದಿ ವಿಚಾರಿಸಿಯೇ ಇಲ್ಲ. ಆದರೂ ಇಂಥವರನ್ನು ಸಭೆಯಲ್ಲಿ ನಿಲ್ಲಿಸಿ ಗದರಿಸುವ ಹಿರಿಯರಿಗೆ ಒಂದು ಮಾತು ಕೇಳುತ್ತೇವೆ: ನಿಜ ಬರೆದದರಿಂದ ಆ ಮಗುವಿಗೆ ತಪ್ಪುವ ಶುಲ್ಕವನ್ನು ನೀವು ಕಟ್ಟುವಿರೋ? ಕಟ್ಟದಿದ್ದರೆ ಸತ್ಯದ ಬೆಲೆಯನ್ನೆಲ್ಲಾ ಬಡವನೊಬ್ಬನ ಮೇಲೆ ಹೊರಿಸಿ ನಾವು ಶುದ್ಧರಾಗಿ ಕೂತಂತಾಯಿತು.

ಆ ತಾಯಿ ಮಗಳು ಅಂದು ಅರ್ಜಿಯನ್ನು ಮುಗಿಸದೆ ಎದ್ದರು. ತಂದೆ ಬೇರೆ ಇರುವದಕ್ಕೆ ಯಾವ ಕಾಗದ ಬೇಕೆಂದು ಕಾಲೇಜಿನ ಗುಮಾಸ್ತರನ್ನು ಕೇಳಿಕೊಂಡು ಮರುದಿನ ಬಂದರು. ತಾಯಿಯ ಒಂದು ದಿನದ ಕೂಲಿ ಹೋಯಿತು. ಕಾಗದಗಳನ್ನು ಈ ಸಾರಿ ಮಗಳೇ ಒಂದೊಂದಾಗಿ ತೆಗೆದು ಕೊಡುತ್ತಿದ್ದಳು.