ಬರಕೊಂಡ್ಯಲ್ಲ, ಮಾಡಾವ್ರು ಯಾರು?

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಇಳಿದ ಮೇಲೆ, ಒಂದು ಶನಿವಾರ ನಾವು ಆರು ಜನ ಬೆಂಗಳೂರಿನಿಂದ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ವಿ. ಊರನ್ನ ಮತ್ತೆ ಕಟ್ಟೋದು ಹೇಗೆ ಅಂತ ಊರವರನ್ನೇ ಕೇಳುವ ಕಾರ್ಯಾಗಾರ. ಶಾಲೆಯ ಗೋಡೆಗೆ ಡ್ರಾಯಿಂಗ್ ಶೀಟ್ ಅಂಟಿಸಿ, ಬಣ್ಣದ ಚೀಟಿ ಹಂಚಿದ್ವಿ. ನಾನೂ ಆ ಕಡೆಯವನೇ ಆಗಿದ್ದರಿಂದ ಮೈಕು ನನ್ನ ಕೈಗೆ ಬಂತು. "ಹೊಸಾ ಊರು ಹೆಂಗಿರಬೇಕು, ಹೇಳ್ರಿ" ಅಂದೆ.

ಮುಂದಿನ ಸಾಲಿನ ಗಂಡಸರು ರಸ್ತೆ, ಗಟಾರ, ಸಮುದಾಯ ಭವನ ಅಂದರು. ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು, "ಎಮ್ಮಿ ಎಲ್ಲಿ ಕಟ್ಟೂದು?" ಅಂದರು. ನಾನು ಖುಷಿಯಿಂದ ಹಳದಿ ಚೀಟಿಯಲ್ಲಿ ಬರೆದು ಅಂಟಿಸಿದೆ. ಅಜ್ಜಿ ಅದನ್ನೇ ನೋಡುತ್ತಾ ಕೇಳಿದರು: "ಬರಕೊಂಡ್ಯಲ್ಲ ತಮ್ಮಾ, ಮಾಡಾವ್ರು ಯಾರು?"

ನನ್ನ ಹತ್ರ ಉತ್ತರ ಇರಲಿಲ್ಲ.

ಅವರು ಸುಮ್ಮನೆ ಕೇಳಿದ್ದಲ್ಲ. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ 'ಆಸರೆ' ಯೋಜನೆಯಲ್ಲಿ ಸಾವಿರಾರು ಮನೆ ಕಟ್ಟಿದರು. ಎಷ್ಟೋ ಕಡೆ ಅವು ವರ್ಷಗಟ್ಟಲೆ ಖಾಲಿ ಬಿದ್ದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಬಣವಿ ಒಟ್ಟಲು ಜಾಗವಿಲ್ಲ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ಸಿಗೋದೇ ದನ, ಆಮೇಲೆ ಮನುಷ್ಯರು. ಎರಡು ಕೋಣೆಯ ಸಿಮೆಂಟ್ ಮನೆಯಲ್ಲಿ ಅವಕ್ಕೆ ಲೆಕ್ಕವೇ ಇರಲಿಲ್ಲ. ಹಳೇ ಊರಲ್ಲೇ ಉಳಿದ ಎಷ್ಟೋ ಜನ 2019ರಲ್ಲಿ ಮತ್ತೆ ನೀರಿಗೆ ಸಿಕ್ಕರು. "ಮನೆ ಕೊಟ್ರೂ ಹೋಗಲ್ಲ" ಅಂತ ಇಲ್ಲಿ ಕೂತು ಅನ್ನೋದು ಸುಲಭ.

ಅದಕ್ಕೇ ಕೇಳಬೇಕು, ಕೇಳಿದರೆ ಸಾಕು ಅಂತ ನಾವು ನಂಬಿದ್ವಿ. ನಮ್ಮ ಕೆಲಸದಲ್ಲೂ ರಿಕ್ವೈರ್‌ಮೆಂಟ್ ಕೇಳದೆ ಕೋಡ್ ಬರೆಯಲ್ಲ ತಾನೇ? ಆದರೆ ಕ್ಲೈಂಟ್ ದುಡ್ಡು ಕೊಡೋನು. ಹೇಳಿದ್ದು ಆಗದಿದ್ದರೆ ಎದ್ದು ಹೋಗ್ತಾನೆ. ಗೋಡೆ ಬಿದ್ದ ಮನೆಯವರು ಎಲ್ಲಿಗೆ ಎದ್ದು ಹೋಗಬೇಕು? ಅವರು ಒಂದು ದಿನದ ಕೂಲಿ ಬಿಟ್ಟು ಬಂದು ಕೂತಿದ್ದರು. ಏನು ಬೇಕು ಅಂತ ಕೇಳಿದ ತಕ್ಷಣ ಅರ್ಧ ಮಾತು ಕೊಟ್ಟಂತೆಯೇ. ನಡೆಸಿಕೊಡುವ ಅಧಿಕಾರ ನಮಗಿರಲಿಲ್ಲ, ಅದನ್ನ ಮೊದಲೇ ಹೇಳುವ ಪ್ರಾಮಾಣಿಕತೆಯೂ ಇರಲಿಲ್ಲ.

"ಹಂಗಾದ್ರೆ ಕೇಳೋದೇ ಬೇಡ್ವಾ?" ಅಂತ ವಾಪಸ್ ಬರುವಾಗ ಗೆಳೆಯ ವಾದಿಸಿದ. ಕೇಳಬೇಕು. ನೀರು ಎಲ್ಲಿಯವರೆಗೆ ಏರುತ್ತೆ ಅನ್ನೋದನ್ನ ಕೈ ಎತ್ತಿಸಿ ತೀರ್ಮಾನಿಸೋಕಾಗಲ್ಲ, ಅದಕ್ಕೆ ಎಂಜಿನಿಯರ್ ಬೇಕು. ಆದರೆ ಆ ಗೆರೆಯ ಮೇಲೆ ಬದುಕೋದು ಹೇಗೆ ಅನ್ನೋದು ಅಲ್ಲಿರುವವರಿಗೇ ಗೊತ್ತು. ಹಾಗಾಗಿ ಮೊದಲು ಹೇಳಬೇಕಿತ್ತು: ಪೂರ್ತಿ ಬಿದ್ದ ಮನೆಗೆ ಐದು ಲಕ್ಷ, ಅದು ಸರ್ಕಾರದ ತೀರ್ಮಾನ, ನಮ್ಮಿಂದ ಬದಲಾಗಲ್ಲ, ಮನೆಯ ನಕ್ಷೆ ಬದಲಾಗಬಹುದು. ಸಹಿ ಹಾಕುವ ಅಧಿಕಾರಿಯನ್ನ ಅದೇ ಶಾಲೆಯಲ್ಲಿ ಕೂರಿಸಬೇಕಿತ್ತು. ನೀರು ಮೊದಲು ನುಗ್ಗಿದ್ದು ಹಳ್ಳದ ದಂಡೆಯ ಕೇರಿಗೆ, ಅಲ್ಲಿಂದ ಸಭೆಗೆ ಬಂದವರು ಇಬ್ಬರು. ನಾವೇ ಅಲ್ಲಿಗೆ ಹೋಗಬೇಕಿತ್ತು.

ನಾವು ಮಾಡಿದ್ದು ಒಂದು ವರದಿ, ಮೂರು ಇಮೇಲ್. ಉತ್ತರ ಬರಲಿಲ್ಲ. ಆ ಶೀಟುಗಳು ಎರಡು ವರ್ಷ ನನ್ನ ಕಪಾಟಿನ ಮೇಲೆ ಸುತ್ತಿಕೊಂಡು ಬಿದ್ದಿದ್ದವು. ಆಮೇಲೊಂದು ದೀಪಾವಳಿಗೆ ಊರಿಗೆ ಹೋದಾಗ, ಧೈರ್ಯ ಮಾಡಿ ಆ ಹಳ್ಳಿಗೆ ಹೋಗಿ ಅಜ್ಜಿಗೆ ಹೇಳಿದೆ: "ಯವ್ವಾ, ಆವತ್ತು ಬರಕೊಂಡಿದ್ದು ಏನೂ ಆಗಲಿಲ್ಲ."

"ಗೊತ್ತೈತಿ" ಅಂದರು. "ಹೇಳಾಕರ ನೀ ಒಬ್ಬ ಬಂದಿ. ಕುಂದರು, ಚಾ ಮಾಡ್ತೀನಿ."

ಎಮ್ಮೆ ಹಳೇ ಮನೆಯ ಮುಂದೆಯೇ ಕಟ್ಟಿತ್ತು. ನಾನು ಕೂತ ಕಟ್ಟೆಯಿಂದ ಹೊಳೆ ಕಾಣ್ತಿತ್ತು.