ಹುಸಿವಿಜ್ಞಾನವೆಂಬ ಮಾತು

ತಪ್ಪೆಲ್ಲವೂ ಹುಸಿಯಲ್ಲ. ಐದನೆಯ ತರಗತಿಯ ಬಾಲಕನೊಬ್ಬನು ಭಾಗಾಕಾರದಲ್ಲಿ ಎಡವಿ ತಪ್ಪು ಉತ್ತರವನ್ನು ತಂದರೆ, ಎಡವಿದ ಸ್ಥಳವನ್ನು ತೋರಿಸಿ, ಕ್ರಮಕ್ಕೆ ಸಲ್ಲತಕ್ಕ ಅಂಕಗಳನ್ನು ನಾವು ಕೊಡುತ್ತೇವೆ. ಅವನ ನೆರೆಯವನು ಪುಸ್ತಕದ ಕೊನೆಯ ಪುಟದಲ್ಲಿ ಉತ್ತರವನ್ನು ಮೊದಲೇ ನೋಡಿಕೊಂಡು, ಅದಕ್ಕೆ ಒಪ್ಪುವಂತೆ ಮೇಲಿನ ಸಾಲುಗಳನ್ನು ಜೋಡಿಸುತ್ತಾನೆ. ಉತ್ತರವು ಸರಿ, ಲೆಕ್ಕವು ಹುಸಿ.

'ಹುಸಿವಿಜ್ಞಾನ'ವೆಂಬ ಮಾತನ್ನು ಹೀಗೆ ತಿಳಿಯಬೇಕೆಂದು ನಮಗೆ ತೋರುತ್ತದೆ. ಪಂಡಿತರು 'ಮಿಥ್ಯಾವಿಜ್ಞಾನ'ವೆನ್ನುವುದೂ ಉಂಟು. ಆದರೆ ಮಿಥ್ಯೆಯೆಂದೊಡನೆ ಹಗ್ಗವನ್ನು ಹಾವೆಂದು ಕಂಡವನ ನೆನಪಾಗುತ್ತದೆ. ಅಲ್ಲಿ ದೋಷವು ಕಣ್ಣಿನದು, ಹಗ್ಗವೇನೂ ವೇಷ ಹಾಕಿಲ್ಲ. ಹುಸಿನಗೆ, ಹುಸಿಗೋಪಗಳಲ್ಲಿಯಾದರೋ ವೇಷವುಂಟು. ಕನ್ನಡದ ಮಾತೇ ನಮಗೆ ಹಿತ.

1919ನೆಯ ಮೇ 29ರ ಸೂರ್ಯಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಐನ್‌ಸ್ಟೈನರು ಗುಣಿಸಿದಷ್ಟು ಬಾಗದಿದ್ದರೆ ಅವರ ಸಿದ್ಧಾಂತಕ್ಕೆ ಉಳಿವಿರುತ್ತಿರಲಿಲ್ಲ. ಹೀಗೆ ಸೋಲಿಗೆ ಎದೆಯೊಡ್ಡಿ ನಿಲ್ಲುವುದೇ ವಿಜ್ಞಾನದ ಲಕ್ಷಣವೆಂದು ಕಾರ್ಲ್ ಪಾಪರರು ವಾದಿಸಿದರು.

ಆದರೆ ಮಾತು ಯಾರ ಬಾಯಲ್ಲಿದೆಯೆಂಬುದನ್ನೂ ನೋಡಬೇಕು. ಸೋವಿಯತ್ ನಾಡಿನಲ್ಲಿ ಲೈಸೆಂಕೋ ಪಕ್ಷದವರು ಮೆಂಡೆಲರ ತಳಿಶಾಸ್ತ್ರವನ್ನೇ ಹುಸಿವಿಜ್ಞಾನವೆಂದು ಜರೆದರು. ದೇಶದೇಶಗಳನ್ನು ಸುತ್ತಿ ಬೀಜಗಳನ್ನು ಕೂಡಿಸಿದ್ದ ನಿಕೊಲಾಯ್ ವವಿಲೋವರು 1940ರಲ್ಲಿ ಬಂಧಿತರಾಗಿ, 1943ರಲ್ಲಿ ಸರಾತೋವಿನ ಸೆರೆಮನೆಯಲ್ಲಿ ತೀರಿಕೊಂಡರು. 1948ರ ಆಗಸ್ಟಿನಲ್ಲಿ ಕೃಷಿ ಅಕಾಡೆಮಿಯ ಸಭೆಯಲ್ಲಿ, ತನ್ನ ಭಾಷಣವನ್ನು ಪಕ್ಷದ ಕೇಂದ್ರಸಮಿತಿಯು ನೋಡಿ ಒಪ್ಪಿದೆಯೆಂದು ಲೈಸೆಂಕೋ ಸಾರಿದನು. ಅಲ್ಲಿಗೆ ವಾದ ಮುಗಿಯಿತು. ಬಟಾಣಿಯ ಗಿಡವನ್ನು ಯಾರೂ ಕೇಳಲಿಲ್ಲ. ಮೆಂಡೆಲರ ಪಾಠ ಹೇಳುತ್ತಿದ್ದ ಎಷ್ಟೋ ಮಂದಿ ಉಪಾಧ್ಯಾಯರು ಕೆಲಸ ಕಳೆದುಕೊಂಡರು. ಉಪಾಧ್ಯಾಯವೃತ್ತಿಯವರಾದ ನಮಗೆ ಈ ಸಾಲು ಹೆಚ್ಚಾಗಿ ಚುಚ್ಚುತ್ತದೆ.

ಚುಚ್ಚುವುದಕ್ಕೆ ಇನ್ನೊಂದು ಕಾರಣವೂ ಉಂಟು. 2019ನೆಯ ಡಿಸೆಂಬರ್ 26ರ ಗ್ರಹಣವಾದ ಮೇಲೆ, ನಮ್ಮ ರಾಯದುರ್ಗದ ಕಡೆಯ ಶಾಲೆಯಲ್ಲಿ ಹುಡುಗಿಯೊಬ್ಬಳು, ಗ್ರಹಣದ ಹೊತ್ತಿನಲ್ಲಿ ತನ್ನ ಅಜ್ಜಿಯ ಒನಕೆ ತಟ್ಟೆಯ ನೀರಿನಲ್ಲಿ ನೆಟ್ಟಗೆ ನಿಂತಿತೆಂದಳು. "ಹುಸಿ, ಕುಳಿತುಕೋ" ಎಂದೆವು. ಅವಳು ಕುಳಿತುಕೊಳ್ಳಲಿಲ್ಲ. "ಬೇರೆ ದಿನ ನಿಲ್ಲಿಸಿ ನೋಡಿದ್ದೀರಾ, ಮೇಷ್ಟ್ರೇ?" ಎಂದಳು.

ನಾವು ನೋಡಿರಲಿಲ್ಲ. ಅಜ್ಜಿಯಾದರೋ ಕಣ್ಣಾರೆ ಕಂಡಿದ್ದಳು. ನಮ್ಮ ಬಳಿ ಇದ್ದುದು ಕುರ್ಚಿಯೊಂದೇ.

ಸೋಮವಾರ ಆ ಒನಕೆಯನ್ನೇ ತರಿಸಿದೆವು. ಗ್ರಹಣವಿಲ್ಲ, ತಟ್ಟೆಯಿಲ್ಲ, ನೀರಿಲ್ಲ. ಬುಡವು ಸಮವಾಗಿತ್ತು. ಎರಡು ಸಲ ಉರುಳಿತು; ಮೂರನೆಯ ಸಲ ಅವಳೇ ಮೆಲ್ಲನೆ ಕೈ ಬಿಟ್ಟಳು, ನಿಂತಿತು. ಮಕ್ಕಳೆಲ್ಲ ತಾವೂ ನಿಲ್ಲಿಸುವೆವೆಂದು ಮುತ್ತಿದರು. ಅಜ್ಜಿಗೆ ಕುಟ್ಟುವುದಿದೆಯೆಂದು ಹುಡುಗಿಯು ಒನಕೆಯನ್ನು ಹೊತ್ತು ಮನೆಗೆ ಓಡಿದಳು.